ಮರದ ಮಾಳಿಗೆಯಲ್ಲಿ ಕರೆಂಟು

ಈ ಲೇಖನ ಓದುತ್ತಿರುವ ಕೋಣೆಯಲ್ಲಿ ಒಮ್ಮೆ ತಲೆಯೆತ್ತಿ ನೋಡಿ. ಮೇಲೆ ಕಾಂಕ್ರೀಟಿನ ತಾರಸಿ ಇದ್ದರೆ ನಿಮ್ಮ ತವರು ಮನೆಯನ್ನೋ ಅಜ್ಜಿ ಮನೆಯನ್ನೋ ನೆನಪಿಸಿಕೊಂಡು ಮುಂದೆ ಓದಿ. ಮರದ ತೊಲೆ, ಅದರ ಮೇಲೆ ಹಲಗೆಯ ಮುಚ್ಚಿಗೆ, ಅದಕ್ಕೂ ಮೇಲೆ ಪಕ್ಕಾಸು, ರೀಪು, ಹಂಚು ಇದ್ದರೆ ಇದು ನಿಮಗಾಗಿಯೇ ಬರೆದದ್ದು. ಆ ಹಲಗೆಗಳ ನಡುವೆ ಒಂದು ತಂತಿ ಹಾದುಹೋಗಿರುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಎಲ್ಲಿ ಗಂಟು ಹಾಕಿದ್ದಾರೆ ಎಂದು ಮನೆಯಲ್ಲಿ ಯಾರಿಗಾದರೂ ಗೊತ್ತಿದೆಯೇ ಎಂದು ಕೇಳಿ ನೋಡಿ. ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ, 'ಅದು ಹಿಂದಿನವರು ಮಾಡಿಸಿದ್ದು'.

ಕರಾವಳಿ ಮತ್ತು ಮಲೆನಾಡಿನಲ್ಲಿ ಇಂತಹ ಮನೆಗಳು ಇಂದಿಗೂ ಬೇಕಾದಷ್ಟಿವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ನಂತರ ಹುಲ್ಲಿನ ಮತ್ತು ಸೋಗೆಯ ಮಾಡು ಕ್ರಮೇಣ ಹಂಚಿಗೆ ದಾರಿ ಬಿಟ್ಟಿತು. ಹಂಚು ಹೊರಲು ಮರದ ಮಾಡು ಬೇಕಾಯಿತು. ಮುರಕಲ್ಲಿನ ಗೋಡೆ, ಹಲಸು, ಹೆಬ್ಬಲಸು, ಸಾಗುವಾನಿಯ ತೊಲೆ, ಹಲಗೆ ಹಾಸಿದ ಉಪ್ಪರಿಗೆ, ಕಡಿದಾದ ಮರದ ಏಣಿಮೆಟ್ಟಿಲು. ಭಟ್ಕಳದ ಹಳೆಯ ನವಾಯತ ಮನೆಗಳಿಂದ ಹಿಡಿದು ಮಂಗಳೂರಿನ ಬಂದರು ಪ್ರದೇಶದ ಮನೆಗಳವರೆಗೆ ಇದೇ ಮರದ ಮೈ. ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಬೆಚ್ಚಗೆ. ಇವನ್ನು ಕೆಡವಿ ಕಾಂಕ್ರೀಟು ಸುರಿಯಿರಿ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅಂತಹ ಮನೆಗೆ ಕರೆಂಟನ್ನು ಹೇಗೆ ಒಳಗೆ ಬಿಟ್ಟುಕೊಳ್ಳಬೇಕು ಎಂಬುದಷ್ಟೇ ನಮ್ಮ ಮಾತು.

ಈ ಮನೆಗಳನ್ನು ಕಟ್ಟಿದ ಕಾಲದಲ್ಲಿ ಲಾಂದ್ರವಿತ್ತು, ಚಿಮಣಿ ದೀಪವಿತ್ತು. ವಿದ್ಯುತ್ತು ಬಂದದ್ದು ಆಮೇಲೆ. ಬಂದಾಗ ಅದಕ್ಕೆ ಗೋಡೆಯಲ್ಲಿ ಜಾಗವಿರಲಿಲ್ಲ. ಮರದ ಪಟ್ಟಿಯನ್ನು ತೊಲೆಗೆ ಹೊಡೆದು, ಅದರ ಮೇಲೆ ತಂತಿ ಎಳೆದು, ತಗಡಿನ ಕ್ಲಿಪ್ಪಿನಿಂದ ಬಿಗಿದರು. ಬಾಗಿಲ ಪಕ್ಕದಲ್ಲಿ ಮರದ ಪೆಟ್ಟಿಗೆಯ ಸ್ವಿಚ್ ಬೋರ್ಡು, ಚಾವಡಿಯ ಹಲಗೆಯ ಮೇಲೆ ಮೀಟರು, ಅದರ ಕೆಳಗೆ ಪಿಂಗಾಣಿಯ ಫ್ಯೂಸು. ಆಗ ಇದ್ದದ್ದು ನಾಲ್ಕು ಬಲ್ಬು, ಒಂದು ರೇಡಿಯೋ, ಅನುಕೂಲಸ್ಥರ ಮನೆಯಲ್ಲಿ ಒಂದು ಫ್ಯಾನು. ಅಷ್ಟಕ್ಕೆ ಆ ತಂತಿ ಧಾರಾಳವಾಗಿ ಸಾಕಿತ್ತು.

ಈಗ ಅದೇ ಮನೆಯ ಅಡುಗೆಕೋಣೆಗೆ ಬನ್ನಿ. 2000 ವ್ಯಾಟಿನ ಇಂಡಕ್ಷನ್ ಒಲೆ, 750 ವ್ಯಾಟಿನ ಮಿಕ್ಸಿ, ಸುಮಾರು 200 ವ್ಯಾಟಿನ ಫ್ರಿಜ್. ಮೂರನ್ನೂ ಒಟ್ಟಿಗೆ ಹಾಕಿದರೆ ಹೆಚ್ಚುಕಡಿಮೆ 13 ಆಂಪಿಯರ್ ಕರೆಂಟು ಹರಿಯುತ್ತದೆ. ರಮಝಾನಿನಲ್ಲಿ ಇಫ್ತಾರಿಗೆ ಅರ್ಧ ಗಂಟೆ ಮೊದಲು ಮೂರೂ ಒಟ್ಟಿಗೇ ಓಡುತ್ತವೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆ ಕರೆಂಟು ಹರಿಯುವುದು ಬಲ್ಬಿಗೆಂದು ಎಳೆದ, ಕಡ್ಡಿಯಷ್ಟು ತೆಳುವಾದ ತಂತಿಯಲ್ಲಾದರೆ ಏನಾಗುತ್ತದೆ? ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಮನೆಯ ಭಾಷೆಯಲ್ಲಿ ಹೇಳುವುದಾದರೆ ಕರೆಂಟು ಎರಡರಷ್ಟಾದರೆ ಬಿಸಿ ನಾಲ್ಕರಷ್ಟು, ಮೂರರಷ್ಟಾದರೆ ಬಿಸಿ ಒಂಬತ್ತರಷ್ಟು.

ಮೊದಲೇ ಇಂತಹ ಸ್ಥಿತಿ. ಅದರ ಮೇಲೆ ಪದೇ ಪದೇ ಹೋಗುವ ಫ್ಯೂಸಿಗೆ ಬೇಸತ್ತು, ತೆಳ್ಳನೆಯ ಫ್ಯೂಸ್ ತಂತಿಯ ಬದಲು ನಾಲ್ಕೈದು ಎಳೆ ತಾಮ್ರದ ತಂತಿ ಸುತ್ತಿಬಿಡುವ ಅಭ್ಯಾಸ ನಮ್ಮ ಗಂಡಸರಿಗಿದೆ. ಫ್ಯೂಸು ಆಮೇಲೆ ಹೋಗುವುದಿಲ್ಲ, ನಿಜ. ಅದರ ಬದಲು ಬಿಸಿಯಾಗುವುದು ಮುಚ್ಚಿಗೆಯೊಳಗಿನ ತಂತಿ.

ಕಣ್ಣಿಗೆ ಕಾಣದ ಗಂಟು

ಓದುಗರೇ, ತಂತಿಯ ಬೆಂಕಿ ಎಂದರೆ ಎರಡು ತಂತಿ ತಾಗಿ ಪಟಾರೆಂದು ಸಿಡಿಯುವುದು ಎಂದು ನಾವು ಭಾವಿಸುತ್ತೇವೆ. ಹಾಗೆ ತಾಗಿದಾಗ ಕರೆಂಟು ಒಮ್ಮೆಲೇ ಏರಿ ಎಂಸಿಬಿ ಬೀಳುತ್ತದೆ, ಮನೆಯವರಿಗೆ ತಿಳಿಯುತ್ತದೆ. ಹೆಚ್ಚು ಅಪಾಯಕಾರಿಯಾದದ್ದು ಸದ್ದಿಲ್ಲದ ಇನ್ನೊಂದು ದಾರಿ, ಸಡಿಲ ಗಂಟು.

ಸ್ವಿಚ್ ಬೋರ್ಡಿನ ತಿರುಪು ವರ್ಷಗಳಲ್ಲಿ ಸಡಿಲವಾಗುತ್ತದೆ. ಮರ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದಕ್ಕೆ ಬಿಗಿದ ಬೋರ್ಡೂ ಅದರ ಜೊತೆ ಅಲುಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ತಾಮ್ರದ ಮೇಲೆ ಹಸಿರು ಕಿಲುಬು ಹತ್ತುತ್ತದೆ. ಇನ್ನು ಮುಚ್ಚಿಗೆಯ ಮೇಲೆ, ಯಾರಿಗೂ ಕಾಣದ ಕಡೆ, ಎರಡು ತಂತಿಗಳನ್ನು ತಿರುಚಿ ಮೇಲೊಂದು ಟೇಪು ಸುತ್ತಿದ ಗಂಟುಗಳು ಎಷ್ಟಿವೆಯೋ! ಅಂತಹ ಒಂದು ಗಂಟಿನಲ್ಲಿ ಅರ್ಧ ಓಮ್‌ನಷ್ಟು ಮಾತ್ರ ತಡೆ ಹುಟ್ಟಿದೆ ಎಂದುಕೊಳ್ಳಿ. 10 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲಿ 50 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿ 25 ವ್ಯಾಟಿನದು. ಅದು ಸೀಸದ ಬೆಸುಗೆಯನ್ನು ಕರಗಿಸುತ್ತದೆ. ಅಂತಹ ಎರಡು ಕಡ್ಡಿಗಳನ್ನು ಹೊತ್ತಿಸಿ ನಿಮ್ಮ ಮುಚ್ಚಿಗೆಯ ಹಲಗೆಗೆ ತಾಗಿಸಿ ಇಟ್ಟಂತೆ ಇದು.

ಗಮನಿಸಬೇಕಾದ ಮಾತು ಇಲ್ಲಿದೆ. ಈ ಸಡಿಲ ಗಂಟನ್ನು ಫ್ಯೂಸು ಕಾಣುವುದಿಲ್ಲ, ಎಂಸಿಬಿಯೂ ಕಾಣುವುದಿಲ್ಲ. ಏಕೆಂದರೆ ಕರೆಂಟು ಹೆಚ್ಚಾಗಿಯೇ ಇಲ್ಲ. ಇಎಲ್‌ಸಿಬಿ ಎಂದು ನಾವು ಕರೆಯುವ, ಈಗ ಆರ್‌ಸಿಸಿಬಿ ಎಂಬ ಹೆಸರಿನಲ್ಲಿ ಸಿಗುವ ಉಪಕರಣವೂ ಭೂಮಿಗೆ ಸೋರುವ ಕರೆಂಟನ್ನು ಮಾತ್ರ ಹಿಡಿಯುತ್ತದೆ. ಅದು ಜೀವ ಉಳಿಸುವ ಸಾಧನ, ಖಂಡಿತ ಹಾಕಿಸಿ. ಒದ್ದೆ ಮರದ ಮೂಲಕ ಮಳೆಗಾಲದಲ್ಲಿ ಕರೆಂಟು ಸೋರಿದರೆ ಅದು ಹಿಡಿಯುತ್ತದೆ. ಆದರೆ ಗಂಟಿನ ಬಿಸಿಯನ್ನು ಅಲ್ಲ. ಅಮೆರಿಕದಲ್ಲಿ ಹೆಚ್ಚಿನ ಮನೆಗಳು ಮರದ ಚೌಕಟ್ಟಿನವೇ. ಅಲ್ಲಿನ ವಿದ್ಯುತ್ ಸಂಹಿತೆಯು 2002ರಿಂದ ಹೊಸ ಮನೆಗಳ ಮಲಗುವ ಕೋಣೆಗಳಿಗೆ ಕಿಡಿಯನ್ನೇ ಗುರುತಿಸಿ ಕರೆಂಟು ಕಡಿಯುವ ಬೇರೊಂದು ಬಗೆಯ ಬ್ರೇಕರನ್ನು ಕಡ್ಡಾಯ ಮಾಡಿದ್ದು ಇದೇ ಕಾರಣಕ್ಕೆ.

ಹಾಗಾದರೆ ನಮಗೆ ಅದನ್ನು ಕಾಣುವವರು ಯಾರು? ನಾವೇ. ಸ್ವಿಚ್ ಬೋರ್ಡಿನ ಮೇಲೆ ಹಳದಿ ಕಲೆ, ಪ್ಲಗ್ಗನ್ನು ಕಿತ್ತಾಗ ಅದರ ಕಾಲು ಕೈಗೆ ಬಿಸಿ ತಾಗುವುದು, ಮೀನು ಕೊಳೆತಂತೆ ಅಥವಾ ಸುಟ್ಟ ಪ್ಲಾಸ್ಟಿಕ್ಕಿನಂತೆ ವಾಸನೆ, ಫ್ರಿಜ್ ಚಾಲೂ ಆದಾಗಲೆಲ್ಲ ದೀಪ ಕಣ್ಣು ಮಿಟುಕಿಸುವುದು, ಬೋರ್ಡಿನೊಳಗಿನಿಂದ ಚಿರ್ ಎಂಬ ಸದ್ದು. ಮನೆಯಲ್ಲಿ ಇಡೀ ದಿನ ಇರುವ ಹೆಂಗಸರಿಗೆ ಇವು ಮೊದಲು ತಿಳಿಯುತ್ತವೆ. 'ನಿನಗೆ ಏನೋ ಭ್ರಮೆ' ಎಂದು ಯಾರಾದರೂ ಹೇಳಿದರೆ ಸುಮ್ಮನಾಗಬೇಡಿ. ಆ ಸ್ವಿಚ್ಚನ್ನು ಆರಿಸಿ, ಎಲೆಕ್ಟ್ರಿಷಿಯನ್ ಬರುವವರೆಗೆ ಮುಟ್ಟಬೇಡಿ.

ಮರ ಹೇಗೆ ಉರಿಯುತ್ತದೆ

ಮರ ಶತ್ರುವಲ್ಲ. ದಪ್ಪ ತೊಲೆಗೆ ಬೆಂಕಿ ತಾಗಿದರೆ ಹೊರಗೆ ಇದ್ದಿಲಿನ ಪದರ ಕಟ್ಟುತ್ತದೆ. ಆ ಇದ್ದಿಲೇ ಒಳಗಿನ ಮರಕ್ಕೆ ಹೊದಿಕೆಯಾಗುತ್ತದೆ. ಬೆಂಕಿ ಒಳಕ್ಕೆ ಕೊರೆಯುವುದು ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರು ಮಾತ್ರ. ಉಕ್ಕಿನ ತೊಲೆಯಾದರೋ ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತನ್ನ ಬಲದ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡು ಬಾಗುತ್ತದೆ. ಹಿರಿಯರು ಹಾಕಿದ ಹೆಬ್ಬಲಸಿನ ತೊಲೆ ಅಷ್ಟು ಬೇಗ ಸೋಲುವುದಿಲ್ಲ.

ಸೋಲುವುದು ಹಲಗೆ. ಮುಚ್ಚಿಗೆಯ ಹಲಗೆ ತೆಳು, ನಡುವೆ ಸಂದು, ಆ ಸಂದಿನಲ್ಲಿ ಗಾಳಿ. ಅದಕ್ಕಿಂತ ಮೊದಲು ಹೊತ್ತಿಕೊಳ್ಳುವುದು ಹಲಗೆಯ ಮೇಲಿನ ಸರಕು. ನಮ್ಮ ಅಟ್ಟಗಳಲ್ಲಿ ಏನಿರುತ್ತದೆ? ತೆಂಗಿನ ಸಿಪ್ಪೆ, ಅಡಿಕೆ ಹಾಳೆ, ಹಳೆಯ ಹಾಸಿಗೆಯ ಹತ್ತಿ, ಮಕ್ಕಳ ಹಳೆಯ ಪಠ್ಯಪುಸ್ತಕ, ಹತ್ತು ವರ್ಷದ ಇಲ್ಲಣ. ಸೌದೆ ಒಲೆಯ ಮನೆಯಾದರೆ ಇಲ್ಲಣ ಎಣ್ಣೆ ಹಚ್ಚಿದಷ್ಟು ಬೇಗ ಹೊತ್ತಿಕೊಳ್ಳುತ್ತದೆ.

ಸಾಮಾನ್ಯವಾಗಿ ಮರ ಹೊತ್ತಿಕೊಳ್ಳಲು 250ರಿಂದ 300 ಡಿಗ್ರಿಯವರೆಗೆ ಬಿಸಿ ಬೇಕು. ಆದರೆ ಅದಕ್ಕಿಂತ ಬಹಳ ಕಡಿಮೆ ಬಿಸಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂದೇ ಜಾಗಕ್ಕೆ ತಾಗುತ್ತಿದ್ದರೂ ಮರ ಒಣಗಿ, ಕಂದಾಗಿ, ಕೊನೆಗೆ ಕರಕಲಾಗುತ್ತದೆ. ಹಾಗೆ ಕರಕಲಾದ ಮರ ಹೊತ್ತಿಕೊಳ್ಳಲು ಮೊದಲಿನಷ್ಟು ಬಿಸಿ ಬೇಕಾಗುವುದಿಲ್ಲ. ಇಪ್ಪತ್ತು ವರ್ಷ ಏನೂ ಆಗಲಿಲ್ಲ ಎಂಬುದು ಮರದ ಮನೆಯಲ್ಲಿ ಧೈರ್ಯದ ಮಾತಾಗದಿರುವುದು ಇದರಿಂದಾಗಿ. ಹಳೆಯ ಗುಂಡು ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಬೆಳಕಾಗುತ್ತದೆ, ಉಳಿದದ್ದೆಲ್ಲ ಶಾಖ. ಅದರ ಗಾಜು ನೂರು ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಅದು ಹಲಗೆಗೆ ತಾಗಿಕೊಂಡಿರುವ ಮನೆಗಳಲ್ಲಿ ಹೋಲ್ಡರಿನ ಸುತ್ತ ಕಪ್ಪು ವೃತ್ತವೊಂದನ್ನು ನೀವು ನೋಡಿರಬಹುದು. ಅದು ಹೊಗೆಯ ಕಲೆಯೆಂದು ಒರೆಸಿ ಬಿಡುವಂತಹದ್ದಲ್ಲ. ಉಗುರಿನಿಂದ ಗೀರಿ ನೋಡಿ. ಪುಡಿ ಉದುರಿದರೆ ಹಲಗೆ ಅಲ್ಲಿ ಇದ್ದಿಲಾಗತೊಡಗಿದೆ.

ಎಲ್‌ಇಡಿ ಬಲ್ಬು ಇದಕ್ಕಿಂತ ಎಷ್ಟೋ ಉತ್ತಮ. ಆದರೂ ಅದರ ಬುಡದಲ್ಲಿರುವ ಸಣ್ಣ ಯಂತ್ರಕ್ಕೆ ಉಸಿರಾಡಲು ಗಾಳಿ ಬೇಕು. ಈಗೀಗ ಹಳೆಯ ಮುಚ್ಚಿಗೆಯ ಕೆಳಗೆ ಪಿಒಪಿ ಅಥವಾ ಪ್ಲಾಸ್ಟಿಕ್ ಹಾಳೆಯ ಇನ್ನೊಂದು ಸೀಲಿಂಗು ಕಟ್ಟಿ, ಅದರಲ್ಲಿ ಹತ್ತು ಹನ್ನೆರಡು ತೂತು ಕೊರೆದು ಸಣ್ಣ ದೀಪಗಳನ್ನು ಕೂರಿಸುವ ಷೋಕಿ ಹಬ್ಬಿದೆ. ಮದುವೆ ಮನೆಗಳಲ್ಲಂತೂ ಕೇಳುವುದೇ ಬೇಡ. ಆ ಎರಡು ಸೀಲಿಂಗುಗಳ ನಡುವಿನ ಗೇಣಷ್ಟು ಕತ್ತಲ ಜಾಗದಲ್ಲಿ ಎಲ್ಲ ಗಂಟುಗಳೂ ಇರುತ್ತವೆ.

ಬೇರೆಯವರು ಏನು ಮಾಡುತ್ತಾರೆ

ಲಂಡನ್ ನಗರದಲ್ಲಿ 1666ರಲ್ಲಿ ಒಂದು ಬೇಕರಿಯಿಂದ ಹೊರಟ ಬೆಂಕಿ ಮರದ ಮನೆಗಳಿಂದ ಮನೆಗಳಿಗೆ ಹಬ್ಬಿ ನಗರದ ದೊಡ್ಡ ಭಾಗವನ್ನೇ ಸುಟ್ಟಿತು. ಮರುವರ್ಷ ಕಾನೂನು ತಂದು ಹೊಸ ಮನೆಗಳ ಹೊರಗೋಡೆ ಇಟ್ಟಿಗೆ ಅಥವಾ ಕಲ್ಲಿನದೇ ಆಗಬೇಕೆಂದರು. ಆದರೂ ಬ್ರಿಟನ್ನಿನಲ್ಲಿ ಮರದ ಚೌಕಟ್ಟಿನ ಮನೆ ಅಳಿಯಲಿಲ್ಲ. ಸ್ಕಾಟ್ಲೆಂಡಿನಲ್ಲಿ ಈಗ ಕಟ್ಟುವ ಹೊಸ ಮನೆಗಳಲ್ಲಿ ಹೆಚ್ಚಿನವು ಮರದ ಚೌಕಟ್ಟಿನವೇ. ನಿಮ್ಮ ಮಗನೋ ಮಗಳೋ ಅಲ್ಲಿ ನೆಲೆಸಿದ್ದರೆ ಗೋಡೆಗೆ ಬಡಿದು ನೋಡಲು ಹೇಳಿ, ಡಬಡಬ ಎನ್ನುತ್ತದೆ.

ಆ ಡಬಡಬ ಗೋಡೆಯ ರಕ್ಷಣೆ ಇರುವುದು ಅದಕ್ಕೆ ಹೊಡೆದ ಜಿಪ್ಸಂ ಹಲಗೆಯಲ್ಲಿ. ಜಿಪ್ಸಮ್ಮಿನ ತೂಕದ ಸುಮಾರು ಐದನೇ ಒಂದು ಭಾಗ ಅದರೊಳಗೆ ಬಂಧಿಯಾಗಿರುವ ನೀರು. ಬೆಂಕಿ ತಾಗಿದಾಗ ಆ ನೀರು ಆವಿಯಾಗಿ ಹೊರಡುತ್ತದೆ. ಪೂರ್ತಿ ಆವಿಯಾಗುವವರೆಗೆ ಹಿಂದಿನ ಮರ ಕುದಿಯುವ ನೀರಿನ ಬಿಸಿಗಿಂತ ಹೆಚ್ಚು ಬಿಸಿಯಾಗುವುದಿಲ್ಲ. ಅಕ್ಕಿ ಬೇಯುವ ಪಾತ್ರೆಯಲ್ಲಿ ನೀರಿರುವ ತನಕ ತಳ ಹಿಡಿಯುವುದಿಲ್ಲವಲ್ಲ, ಅದೇ ನ್ಯಾಯ. ಎರಡು ಅಂತಸ್ತಿನ ಸಾಮಾನ್ಯ ಮನೆಯ ನಡುವಿನ ಮಾಳಿಗೆ ಅರ್ಧ ಗಂಟೆ ಬೆಂಕಿಯನ್ನು ತಡೆಯಬೇಕು, ಎರಡು ಮನೆಗಳ ನಡುವಿನ ಗೋಡೆ ಒಂದು ಗಂಟೆ ತಡೆಯಬೇಕು ಎಂಬುದು ಅಲ್ಲಿನ ಲೆಕ್ಕ.

ಹೀಗೆ ಅಚ್ಚುಕಟ್ಟಾಗಿ ಹೊದಿಸಿದ ಜಿಪ್ಸಂ ಹಲಗೆಯಲ್ಲಿ ದೀಪಕ್ಕೆಂದು ತೂತು ಕೊರೆದರೆ ಆ ಅರ್ಧ ಗಂಟೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಹಾಗಾಗಿ ಆ ತೂತಿನ ಮೇಲೆ, ದೀಪದ ಬೆನ್ನಿಗೆ, ಟೋಪಿಯಂತಹ ಒಂದು ಹೊದಿಕೆ ಇಡುತ್ತಾರೆ. ಬಿಸಿ ತಾಗಿದೊಡನೆ ಹಿಟ್ಟು ಹುಳಿಬಂದಂತೆ ಹಲವು ಪಟ್ಟು ಉಬ್ಬುವ ವಿಶೇಷ ವಸ್ತುವಿನಿಂದ ಅದನ್ನು ಮಾಡಿರುತ್ತಾರೆ; ಬೆಂಕಿ ಬಂದಾಗ ಅದು ಉಬ್ಬಿ ತೂತನ್ನು ಮುಚ್ಚಿಬಿಡುತ್ತದೆ. ಗೋಡೆಯ ಸ್ವಿಚ್ ಪೆಟ್ಟಿಗೆಗಳ ಬೆನ್ನಿಗೂ ಅದೇ ವಸ್ತುವಿನ ಮೆತ್ತನೆಯ ಕಣಕದಂತಹ ಹಾಳೆಯನ್ನು ಮೆತ್ತುತ್ತಾರೆ. ತಂತಿ ತೂರುವ ತೂತನ್ನು ಅದೇ ಜಾತಿಯ ಅಂಟಿನಿಂದ ಮುಚ್ಚುತ್ತಾರೆ.

ಇನ್ನೊಂದು ನಿಯಮವೂ ಗಮನಾರ್ಹ. ಅಲ್ಲಿನ ಮನೆಗಳಲ್ಲಿ ಎಂಸಿಬಿ ಪೆಟ್ಟಿಗೆಗಳು ಪ್ಲಾಸ್ಟಿಕ್ಕಿನವಾಗಿದ್ದವು. ಒಳಗಿನ ತಿರುಪು ಸಡಿಲಗೊಂಡು ಅನೇಕ ಕಡೆ ಪೆಟ್ಟಿಗೆಯೇ ಹೊತ್ತಿ ಉರಿದದ್ದನ್ನು ಕಂಡು, 2016ರಿಂದ ಮನೆಗಳಿಗೆ ಹೊಸದಾಗಿ ಹಾಕುವ ಪೆಟ್ಟಿಗೆ ಉರಿಯದ ವಸ್ತುವಿನದೇ ಆಗಿರಬೇಕೆಂದು ನಿಯಮ ಮಾಡಿದರು. ಈಗ ಹಾಕುವುದು ಹೆಚ್ಚಾಗಿ ಉಕ್ಕಿನ ಪೆಟ್ಟಿಗೆ. ನಮ್ಮ ಹಳೆಯ ಮನೆಗಳಲ್ಲಿ ಮೀಟರು, ಫ್ಯೂಸು, ಮೇನ್ ಸ್ವಿಚ್ಚು ಎಲ್ಲವೂ ಮರದ ಹಲಗೆಯ ಮೇಲೆ, ಹೆಚ್ಚಾಗಿ ಉಪ್ಪರಿಗೆಗೆ ಹತ್ತುವ ಏಣಿಯ ಬುಡದಲ್ಲೇ ಇರುತ್ತವೆ.

ಈ ಏಣಿಯ ವಿಷಯವನ್ನು ತುಸು ನಿಧಾನವಾಗಿ ಯೋಚಿಸಬೇಕು. ಹಳೆಯ ಮನೆಗಳಲ್ಲಿ ಮೇಲಕ್ಕೆ ಒಂದೇ ದಾರಿ. ಆ ಏಣಿ ಮರದ್ದು, ಕಡಿದಾದದ್ದು, ಕತ್ತಲಲ್ಲಿ ವಯಸ್ಸಾದವರಿಗೆ ಇಳಿಯಲು ಕಷ್ಟ. ಉಪ್ಪರಿಗೆಯ ಕಿಟಕಿಗಳಿಗೆ ಕಳ್ಳರ ಭಯಕ್ಕೆ ಕಬ್ಬಿಣದ ಸರಳು. ಕೆಳಗೆ ಬೆಂಕಿ ಹುಟ್ಟಿದರೆ ಹೊಗೆ ಹೋಗುವ ದಾರಿಯೂ ಅದೇ ಏಣಿಯ ಬಾಯಿ. ನಿದ್ದೆಯಲ್ಲಿರುವವರನ್ನು ಬೆಂಕಿಗಿಂತ ಮೊದಲು ಹೊಗೆ ಮುಟ್ಟುತ್ತದೆ. ನಿದ್ದೆಯಲ್ಲಿ ನಮಗೆ ವಾಸನೆ ತಿಳಿಯುವುದೂ ಇಲ್ಲ. ಉಪ್ಪರಿಗೆಯಲ್ಲಿ ಮಕ್ಕಳು ಮಲಗುವ ಮನೆಯಾದರೆ, ಉಳಿದ ಯಾವ ಕೆಲಸಕ್ಕೂ ಮೊದಲು ಮೀಟರು ಹಲಗೆಯನ್ನು ಏಣಿಯ ಬುಡದಿಂದ ಮುರಕಲ್ಲಿನ ಗೋಡೆಗೆ ಸ್ಥಳಾಂತರಿಸಿ. ಮೀಟರನ್ನು ಸ್ವತಃ ಮುಟ್ಟುವಂತಿಲ್ಲ. ಮೆಸ್ಕಾಂ ಅಥವಾ ಹೆಸ್ಕಾಂ ಕಚೇರಿಗೆ ಅರ್ಜಿ ಕೊಡಬೇಕು. ಎಂಸಿಬಿಗಳನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಕೂರಿಸಲಿ. ಬ್ಯಾಟರಿಯಿಂದ ನಡೆಯುವ ಹೊಗೆ ಗಂಟೆಯೊಂದನ್ನು ಏಣಿಯ ಮೇಲಿನ ಮುಚ್ಚಿಗೆಗೆ ತಗಲಿಸಿ. ಉಪ್ಪರಿಗೆಯ ಒಂದು ಕಿಟಕಿಯ ಸರಳನ್ನಾದರೂ ಒಳಗಿನಿಂದ ತೆರೆಯುವಂತೆ ಮಾಡಿಸಿ, ಅದರ ಕೀಲಿ ಎಲ್ಲಿದೆಯೆಂದು ಮಕ್ಕಳಿಗೂ ಗೊತ್ತಿರಲಿ.

ರಾತ್ರಿ ಮಲಗುವ ಮುನ್ನ ದೀಪ ಆರಿಸಿರಿ, ಇಲಿಯು ಬತ್ತಿಯನ್ನು ಎಳೆದೊಯ್ದು ಮನೆಯವರನ್ನು ಸುಟ್ಟೀತು ಎಂದು ಪ್ರವಾದಿ(ಸ)ಯವರು ಎಚ್ಚರಿಸಿದ ಮಾತು ಬುಖಾರಿಯಲ್ಲಿದೆ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಉರಿದ ಸುದ್ದಿ ಕೇಳಿ, ಬೆಂಕಿಯನ್ನು ಶತ್ರುವೆಂದು ತಿಳಿದು ಮಲಗುವಾಗ ನಂದಿಸಲು ಹೇಳಿದ್ದೂ ಅಲ್ಲೇ ಇದೆ. ಮದ್ರಸದಲ್ಲಿ ಈ ಹದೀಸ್ ಕಲಿಸುವಾಗ ಮಕ್ಕಳು ನಗುತ್ತಾರೆ, ಈಗ ಬತ್ತಿ ಎಲ್ಲಿದೆ ಎಂದು ಕೇಳುತ್ತಾರೆ. ಬತ್ತಿ ಇಲ್ಲ, ಇಲಿ ಇದೆಯಲ್ಲ! ತಂತಿಯ ಮೇಲಿನ ಪಿವಿಸಿ ಹೊದಿಕೆಯನ್ನು ಇಲಿ ಕಡಿಯುತ್ತದೆ, ಬರಿದಾದ ತಾಮ್ರ ಹಲಗೆಯ ಮೇಲೆ ಬೀಳುತ್ತದೆ. ಅಟ್ಟದಲ್ಲಿ ತಂತಿ ಉಕ್ಕಿನ ಕೊಳವೆಯೊಳಗೆ, ಅದು ಸಾಧ್ಯವಿಲ್ಲದಿದ್ದರೆ ಗಟ್ಟಿ ಪಿವಿಸಿ ಕೊಳವೆಯೊಳಗೆ ಇರಬೇಕೆನ್ನುವುದು ಇದಕ್ಕೇ. ಉಕ್ಕಿನ ಕೊಳವೆಯಾದರೆ ಅದಕ್ಕೆ ಅರ್ತಿಂಗ್ ಕೊಡುವುದನ್ನು ಮರೆಯಬಾರದು. ಮಲಗುವ ಮುನ್ನ ಗೀಸರು, ಇಸ್ತ್ರಿಪೆಟ್ಟಿಗೆ, ಮೊಬೈಲ್ ಚಾರ್ಜರುಗಳ ಪ್ಲಗ್ ಕೀಳುವುದು ಈ ಕಾಲದ ದೀಪ ಆರಿಸುವಿಕೆ ಎಂದು ನನ್ನ ಅನಿಸಿಕೆ.

ಸದ್ದು ತೂರುವ ದಾರಿ

ಇನ್ನು ಸದ್ದಿನ ವಿಷಯ. ಬೆಂಕಿಗೂ ಸದ್ದಿಗೂ ಏನು ಸಂಬಂಧ ಎಂದು ಕೇಳಬಹುದು. ಎರಡೂ ತೂತಿನಿಂದಲೇ ತೂರುತ್ತವೆ. ಹೊಗೆ ಹೋಗುವ ಸಂದಿನಲ್ಲಿ ಮಾತೂ ಹೋಗುತ್ತದೆ.

ಕೂಡು ಕುಟುಂಬದ ಮನೆಗಳಲ್ಲಿ ಸೊಸೆಯಂದಿರು ಸಂಕೋಚದಿಂದ ಹೇಳದೆ ನುಂಗುವ ಕಷ್ಟಗಳಲ್ಲಿ ಇದೂ ಒಂದು. ಪಕ್ಕದ ಕೋಣೆಯಲ್ಲಿ ಮಾವ ಕೆಮ್ಮಿದ್ದು ಇಲ್ಲಿ ಕೇಳುತ್ತದೆ. ಇಲ್ಲಿ ಗಂಡನೊಡನೆ ಪಿಸುಮಾತಿನಲ್ಲಿ ಆಡಿದ್ದು ಅಲ್ಲಿ ಕೇಳುತ್ತದೆ. ಒಬ್ಬರ ಕೋಣೆಗೆ ಹೋಗುವ ಮುನ್ನ ಅನುಮತಿ ಕೇಳಬೇಕೆಂದು ಕಲಿತವರು ನಾವು. ಕಿವಿ ಮಾತ್ರ ಅನುಮತಿ ಕೇಳದೆ ಹೋಗುತ್ತದೆ.

ಸಾಮಾನ್ಯ ಮಾತಿನ ಸದ್ದು ಸುಮಾರು 60 ಡೆಸಿಬೆಲ್. ನಡುವಿನ ಗೋಡೆ 40 ಡೆಸಿಬೆಲ್ ತಡೆದರೆ ಆಚೆ ಉಳಿಯುವುದು 20, ಅಂದರೆ ಎಲೆ ಅಲುಗಿದಷ್ಟು. ಆದರೆ ಗೋಡೆಯ ನೂರರಲ್ಲಿ ಒಂದು ಪಾಲು ಜಾಗ ಬರಿದಾಗಿ ತೆರೆದಿದ್ದರೆ, ಉಳಿದ ಗೋಡೆ ಕೋಟೆಯಂತಿದ್ದರೂ ತಡೆ 20 ಡೆಸಿಬೆಲ್ಲಿಗಿಂತ ಮೇಲೇರುವುದಿಲ್ಲ. ರಾತ್ರಿಯ ನಿಶ್ಶಬ್ದದಲ್ಲಿ ಆಚೆಯವರಿಗೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಹತ್ತಡಿ ಅಗಲ ಒಂಬತ್ತಡಿ ಎತ್ತರದ ಗೋಡೆಯಲ್ಲಿ ನೂರರ ಒಂದು ಪಾಲೆಂದರೆ ಒಂದು ಚದರಡಿಗೂ ಕಡಿಮೆ. ಅದರ ಹತ್ತನೇ ಒಂದು ಭಾಗ, ಅಂದರೆ ಅಂಗೈಯಷ್ಟು ತೂತಿದ್ದರೂ 30 ಡೆಸಿಬೆಲ್ಲಿಗೆ ಗೋಡೆ ಸೋಲುತ್ತದೆ. ಹಂಚಿನ ಮನೆಗಳಲ್ಲಿ ಎಷ್ಟೋ ಗೋಡೆಗಳು ಹಂಚಿನವರೆಗೆ ಏರುವುದೇ ಇಲ್ಲ. ಮೇಲೆ ಮುಚ್ಚಿಗೆಯೂ ಇಲ್ಲದಿದ್ದರೆ ಸ್ವಿಚ್ ಬೋರ್ಡಿನ ತೂತನ್ನು ದೂರಿ ಪ್ರಯೋಜನವಿಲ್ಲ. ಮೊದಲು ಮೇಲಿನ ಆ ಬಾಯಿಯನ್ನು ಮುಚ್ಚಬೇಕು.

ಹಲಗೆ ಗೋಡೆಯ ಉಪ್ಪರಿಗೆಯಲ್ಲಿ ಮಾತ್ರ ಬೋರ್ಡಿನ ತೂತೇ ಮುಖ್ಯ ಅಪರಾಧಿ. ತಂತಿ ಉಳಿಸಲು ಎಲೆಕ್ಟ್ರಿಷಿಯನ್ನರು ಎರಡು ಕೋಣೆಗಳ ಸ್ವಿಚ್ ಪೆಟ್ಟಿಗೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸುತ್ತಾರೆ. ಆಗ ಎರಡು ಕೋಣೆಗಳ ನಡುವೆ ಉಳಿಯುವುದು ಎರಡು ಪ್ಲಾಸ್ಟಿಕ್ ಹಾಳೆ ಮಾತ್ರ. ಇಂಗ್ಲೆಂಡಿನಲ್ಲಿ 2003ರಿಂದಿರುವ ಕಟ್ಟಡ ಮಾರ್ಗದರ್ಶಿಯ ಪ್ರಕಾರ, ಹೊಸದಾಗಿ ಕಟ್ಟುವ ಎರಡು ಮನೆಗಳ ನಡುವಿನ ಗೋಡೆ 45 ಡೆಸಿಬೆಲ್ ತಡೆಯಬೇಕು, ಅಂತಹ ಗೋಡೆಯ ಎರಡು ಬದಿಯ ಪೆಟ್ಟಿಗೆಗಳು ಎದುರುಬದುರು ಇರಬಾರದು, ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ ಕನಿಷ್ಠ 150 ಮಿಲಿಮೀಟರು ಅಂತರವಿರಬೇಕು. ಗೇಣಿಗಿಂತ ಸ್ವಲ್ಪ ಕಡಿಮೆ. ಇದಕ್ಕೆ ಖರ್ಚೇ ಇಲ್ಲ. ವೈರಿಂಗ್ ಮಾಡುವ ದಿನ ನೀವು ಪಕ್ಕದಲ್ಲಿ ನಿಂತು ಹೇಳಬೇಕು ಅಷ್ಟೆ.

ಮರದ ಮನೆಗೆ ಇನ್ನೊಂದು ಬಗೆಯ ಸದ್ದು ಇದೆ. ಹಳೆಯ ಟ್ಯೂಬ್‌ಲೈಟಿನ ಚೋಕ್ ಸೆಕೆಂಡಿಗೆ ನೂರು ಸಲ ನಡುಗುತ್ತದೆ. ಕಾಂಕ್ರೀಟಿನಲ್ಲಿ ಅದು ತಿಳಿಯುವುದಿಲ್ಲ. ಅದನ್ನೇ ತೆಳು ಹಲಗೆಗೆ ತಿರುಪು ಹಾಕಿ ಬಿಗಿದರೆ ಇಡೀ ಹಲಗೆ ತಂಬೂರಿಯ ಬುರುಡೆಯಂತೆ ಗುಂಯ್‌ಗುಡುತ್ತದೆ. ಪಕ್ಕದಲ್ಲೇ ಪರೀಕ್ಷೆಗೆ ಓದುವ ಹುಡುಗಿ ತಲೆನೋವೆಂದು ಪುಸ್ತಕ ಮುಚ್ಚಿದರೆ ಅವಳನ್ನು ಬೈಯುವ ಮೊದಲು ಟ್ಯೂಬ್‌ಲೈಟನ್ನು ಆರಿಸಿ ನೋಡಿ. ಎಲ್‌ಇಡಿ ಟ್ಯೂಬಿಗೆ ಅಂತಹ ಚೋಕ್ ಬೇಕಾಗಿಲ್ಲ. ಫ್ಯಾನಿನ ಕೊಕ್ಕೆಗೆ ರಬ್ಬರಿನ ವಾಷರು, ಇನ್ವರ್ಟರಿನ ಅಡಿಗೆ ದಪ್ಪ ರಬ್ಬರು ಹಾಕಿ. ಇನ್ವರ್ಟರು ಇರಬೇಕಾದ ಜಾಗ ಕೆಳಗಿನ ನೆಲ. ಉಪ್ಪರಿಗೆಯ ಹಲಗೆಯ ಮೇಲೆ ಬೇಡವೇ ಬೇಡ.

ತೂತು ಮುಚ್ಚುವಾಗ ಏನನ್ನು ತುರುಕುತ್ತೀರಿ ಎಂಬುದು ಮುಖ್ಯ. ಹಳೆಯ ಬಟ್ಟೆ, ಹತ್ತಿ, ಥರ್ಮೋಕೋಲ್, ಡಬ್ಬಿಯಿಂದ ಚಿಮ್ಮಿಸುವ ಸಾಮಾನ್ಯ ಫೋಮು ಇವೆಲ್ಲ ಸದ್ದನ್ನು ಸ್ವಲ್ಪ ತಡೆದಾವು, ಆದರೆ ಬೆಂಕಿಗೆ ಆಹಾರ. ಕಲ್ಲಿನ ಗೋಡೆಯ ತೂತಿಗೆ ಸುಣ್ಣದ ಅಥವಾ ಸಿಮೆಂಟಿನ ಗಾರೆ ಸಾಕು. ಹಲಗೆ ಗೋಡೆಗಾದರೆ ಬೋರ್ಡಿನ ಹಿಂದೆ ಉಕ್ಕಿನ ಪೆಟ್ಟಿಗೆ, ಅದರ ಸುತ್ತ ಕಲ್ಲಿನ ಉಣ್ಣೆ ಎಂದು ಕರೆಯುವ ರಾಕ್‌ವೂಲ್. ಅದು ಕಲ್ಲನ್ನು ಕರಗಿಸಿ ಎಳೆದ ನೂಲು, ಹೊತ್ತಿಕೊಳ್ಳುವುದಿಲ್ಲ, ಸದ್ದನ್ನೂ ಹೀರುತ್ತದೆ. ಕೈಗೆ ತುರಿಕೆ ಹತ್ತುತ್ತದೆ, ಕೈಚೀಲ ಹಾಕಿಕೊಂಡೇ ಮುಟ್ಟಬೇಕು. ದೀಪದ ಬೆನ್ನಿಗೆ ಮಾತ್ರ ಏನನ್ನೂ ಒತ್ತಿ ತುಂಬಬೇಡಿ, ಅದರ ಬಿಸಿ ಹೊರಹೋಗದೆ ಅಲ್ಲೇ ಕೂತುಬಿಡುತ್ತದೆ. ಮುಚ್ಚಿಗೆಯಲ್ಲಿ ತೂತು ಕೊರೆಯದೆ ಹೊರಗಿನಿಂದಲೇ ತೂಗುವ ದೀಪವೇ ಮರದ ಮನೆಗೆ ಲೇಸು. ನೋಡಲೂ ಚೆಂದ.

ಎಲೆಕ್ಟ್ರಿಷಿಯನ್ ಬಂದಾಗ

ಎಲೆಕ್ಟ್ರಿಷಿಯನ್ ಬಂದರೆ ಹೆಂಗಸರು ಒಳಗೆ ಸರಿದುಬಿಡುತ್ತಾರೆ. ಅವನು ತನಗೆ ತೋಚಿದ್ದು ಮಾಡಿ ಹೋಗುತ್ತಾನೆ. ಹಾಗಾಗಬಾರದು. ಅವನಿಗೆ ಪರವಾನಗಿ ಇದೆಯೇ ಎಂದು ಕೇಳುವುದು ಅವಮಾನವಲ್ಲ. ಕರ್ನಾಟಕದಲ್ಲಿ ವಿದ್ಯುತ್ ಪರಿವೀಕ್ಷಣಾಲಯ ಅದನ್ನು ಕೊಡುತ್ತದೆ. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೆ 6 ಅಥವಾ 10 ಆಂಪಿಯರಿನ ಎಂಸಿಬಿ. ಅಡುಗೆಕೋಣೆಯ ದೊಡ್ಡ ಪ್ಲಗ್ಗುಗಳಿಗೆ 2.5ರ ತಂತಿ, 16ರ ಎಂಸಿಬಿ. ಗೀಸರು ಮತ್ತು ಏಸಿಗೆ ಬೇರೆ ಬೇರೆಯಾಗಿ 4ರ ತಂತಿ, ಅವುಗಳಿಗೂ ತಮ್ಮದೇ ಎಂಸಿಬಿ. ಎಂಸಿಬಿ ಪದೇ ಪದೇ ಬೀಳುತ್ತದೆಂದು ದೊಡ್ಡದು ಹಾಕಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ತಂತಿ ದಪ್ಪವಾಗದೆ ಎಂಸಿಬಿ ದೊಡ್ಡದಾಗಬಾರದು. ಮನೆಗೆಲ್ಲ ಸೇರಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಬೆಂಕಿಯಲ್ಲಿ ಬೇಗ ಹರಡದ ಹೊದಿಕೆಯ ತಂತಿ ಎಂದು ಕೇಳಿದರೆ ಅಂಗಡಿಯವರು ಎಫ್‌ಆರ್ ಎಂದು ಬರೆದದ್ದನ್ನು ಕೊಡುತ್ತಾರೆ. ಎಲ್ಲ ಗಂಟುಗಳೂ ಮುಚ್ಚಳವಿರುವ ಪೆಟ್ಟಿಗೆಯೊಳಗೆ, ತಿರುಪಿನಿಂದ ಬಿಗಿದ ಕನೆಕ್ಟರಿನಲ್ಲಿ ಇರಬೇಕು. ಬರೀ ಟೇಪು ಸುತ್ತಿದ್ದು ಒಂದೂ ಬೇಡ.

ಹಳೆಯ ತಂತಿಯನ್ನು ಪೂರ್ತಿ ಬದಲಿಸಲು ಹಣವಿಲ್ಲದಿದ್ದರೆ ಮೆಗ್ಗರ್ ಎಂಬ ಯಂತ್ರದಿಂದ ಪರೀಕ್ಷೆ ಮಾಡಿಸಿ. 500 ವೋಲ್ಟಿನಲ್ಲಿ ತಂತಿಯ ಹೊದಿಕೆ ಎಷ್ಟು ಗಟ್ಟಿಯಿದೆಯೆಂದು ಅದು ತೋರಿಸುತ್ತದೆ. ಒಂದು ಮೆಗಾಓಮಿಗಿಂತ ಕಡಿಮೆ ಬಂದ ಭಾಗವನ್ನು ಮೊದಲು ಬದಲಿಸಬೇಕು. ಅಡುಗೆಕೋಣೆ ಮತ್ತು ಅಟ್ಟದಿಂದ ಆರಂಭಿಸಿ, ಉಳಿದದ್ದನ್ನು ಮುಂದಿನ ವರ್ಷಕ್ಕಿಟ್ಟರೂ ನಡೆದೀತು.

ಅಕಸ್ಮಾತ್ ಬೋರ್ಡಿನಲ್ಲಿ ಬೆಂಕಿ ಕಂಡರೆ ನೀರು ಎರಚಬೇಡಿ. ಕೈಗೆ ಸಿಕ್ಕುವಂತಿದ್ದರೆ ಮೇನ್ ಸ್ವಿಚ್ಚು ಆರಿಸಿ. ಒಣ ಮರಳು ಅಥವಾ ಒಣ ಪುಡಿಯ ಅಗ್ನಿಶಾಮಕ ಸಿಲಿಂಡರು ಬಳಸಬಹುದು. ಬೆಂಕಿ ಮುಚ್ಚಿಗೆಗೆ ಏರಿದ್ದರೆ ಆರಿಸಲು ಹೋಗಬೇಡಿ. ಬಾಗಿಲು ಎಳೆದು ಮುಚ್ಚಿ ಎಲ್ಲರನ್ನೂ ಹೊರಗೆ ಕರೆದೊಯ್ದು 101 ಅಥವಾ 112ಕ್ಕೆ ಕರೆ ಮಾಡಿ. ಮುಚ್ಚಿದ ಮರದ ಬಾಗಿಲು ಹೊಗೆಯನ್ನು ಕೆಲವು ನಿಮಿಷ ತಡೆಯುತ್ತದೆ. ರಾತ್ರಿ ಅಡುಗೆಕೋಣೆಯ ಬಾಗಿಲು ಮುಚ್ಚಿ ಮಲಗುವ ಅಜ್ಜಿಯರ ಅಭ್ಯಾಸ ಬೆಕ್ಕಿನ ಕಾಟಕ್ಕೆ ಹುಟ್ಟಿದ್ದಾದರೂ ಈ ಲೆಕ್ಕದಲ್ಲಿ ಒಳ್ಳೆಯದೇ.

ಎಲೆಕ್ಟ್ರಿಷಿಯನ್ನನನ್ನು ಯಾವಾಗ ಕರೆಯಬೇಕೆಂದರೆ, ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವ ದಿನವೇ ಸರಿ. ಅಂದು ಮಾಡು ತೆರೆದಿರುತ್ತದೆ, ವರ್ಷವಿಡೀ ಕತ್ತಲಾಗಿರುವ ಅಟ್ಟಕ್ಕೆ ಬಿಸಿಲು ಬೀಳುತ್ತದೆ, ಯಾವ ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ಕಣ್ಣಾರೆ ಕಾಣುತ್ತದೆ. ಅಟ್ಟದ ಸಿಪ್ಪೆ, ಹಾಳೆ, ಇಲ್ಲಣವನ್ನೆಲ್ಲ ಅಂದೇ ಕೆಳಗಿಳಿಸಿ. ಮಕ್ಕಳ ಪುಸ್ತಕದಿಂದ ಒಂದು ಹಾಳೆ ಹರಿದು, ಗಂಟಿನ ಪೆಟ್ಟಿಗೆಗಳು ಎಲ್ಲೆಲ್ಲಿವೆ ಎಂದು ಗೆರೆ ಎಳೆದು ಮೀಟರಿನ ಪಕ್ಕದಲ್ಲಿ ಅಂಟಿಸಿಬಿಡಿ.